ಯಾರ ಮೇಲೆ ಅನುಮಾನ?

ಕಳೆದ ಆಷಾಢದ ಒಂದು ಸಂಜೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳು ಎಂದಿನಂತೆ ಅಡಿಗೆಮನೆಗೆ ಹೋಗದೆ ನೇರವಾಗಿ ನನ್ನ ಕೋಣೆಗೆ ಬಂದು ಕುರ್ಚಿಯ ಹಿಂದೆ ನಿಂತುಕೊಂಡಳು. ಎಂಟನೆಯ ತರಗತಿಯ ಹುಡುಗಿ. ಮನೆಯ ಹತ್ತಿರದ ಚಿಕ್ಕ ಶಾಲೆಯನ್ನು ಬಿಟ್ಟು ಆ ವರ್ಷವೇ ದೊಡ್ಡ ಪ್ರೌಢಶಾಲೆಗೆ ಸೇರಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಕಂಪಾಸ್ ಬಾಕ್ಸ್ ಕಳೆದುಹೋಯ್ತು. ಅಪ್ಪಂಗೆ ಹೇಳ್ಬೇಡಿ" ಎಂದಳು.

ನಾನು ಹೇಳಲಿಲ್ಲ. ಆದರೆ ಗುಟ್ಟು ರಾತ್ರಿಯ ಊಟದವರೆಗೂ ಉಳಿಯಲಿಲ್ಲ. ಮನೆಗೆ ಕೊಟ್ಟಿದ್ದ ರೇಖಾಗಣಿತದ ಲೆಕ್ಕಕ್ಕೆ ಕೈವಾರ ಬೇಕಾಯಿತು. ಕೈವಾರ ಎಲ್ಲಿ ಎಂಬ ಪ್ರಶ್ನೆ ಬಂತು. ಶಾಲೆ ತೆರೆದು ಏಳು ವಾರವೂ ಆಗಿರಲಿಲ್ಲ, ಅಷ್ಟರಲ್ಲಿ ಕಳೆದುಹೋದ ನಾಲ್ಕನೆಯ ವಸ್ತು ಅದು. ಮೊದಲು ಒಂದು ಪೆನ್ನು, ಆಮೇಲೆ ನೀರಿನ ಬಾಟಲು, ಆಮೇಲೆ ಸಮವಸ್ತ್ರದ ಸ್ವೆಟರು. ನನ್ನ ಮಗ ಕೋಪಿಷ್ಠನಲ್ಲ. ಆದರೂ ಅವನಿಗೆ ರೇಗಿತು. ನಾಳೆಯೇ ಶಾಲೆಗೆ ಹೋಗಿ ಕೇಳುತ್ತೇನೆ, ಅಷ್ಟು ಕ್ಯಾಮರಾಗಳನ್ನು ಹಾಕಿದ್ದಾರಲ್ಲ, ತೆಗೆದು ನೋಡಲಿ ಎಂದ. ಬಳಿಕ ಮಗಳ ಕಡೆ ತಿರುಗಿ, "ನಿಂಗೆ ಯಾರ ಮೇಲೆ ಅನುಮಾನ? ಹೆದರ್ಕೋಬೇಡ, ಹೇಳು" ಎಂದು ಕೇಳಿದ.

ಮಗು ತಟ್ಟೆಯನ್ನೇ ನೋಡುತ್ತ ಕುಳಿತಿತ್ತು. ಎರಡನೆಯ ಸಲ ಕೇಳಿದ ಮೇಲೆ ಒಂದು ಹೆಸರು ಹೊರಗೆ ಬಂತು. ತನ್ನದೇ ತರಗತಿಯ ಒಬ್ಬ ಹುಡುಗಿಯ ಹೆಸರು. ಅವಳೇ ಏಕೆ ಎಂದು ಸೊಸೆ ಕೇಳಿದಳು. ಅದಕ್ಕೆ ಬಂದ ಉತ್ತರವನ್ನು ಹಾಗೆಯೇ ಹೇಳುತ್ತೇನೆ: "ಅವಳ ಹತ್ರ ಯಾವತ್ತೂ ಏನೂ ಇರಲ್ಲ, ಅದಕ್ಕೆ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ಆ ಪ್ರಶ್ನೆಯನ್ನೂ ಆ ಉತ್ತರವನ್ನೂ ನಾನು ಅದೇ ಮೊದಲ ಸಲ ಕೇಳುತ್ತಿರಲಿಲ್ಲ.

1971ನೆಯ ಇಸವಿಯ ಮಾತು. ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಆಗ ತಾನೇ ಎಂಟನೆಯ ತರಗತಿಗೆ ಸೇರಿದ್ದೆ. ನಮ್ಮ ತಂದೆ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಮಗ ಹೈಸ್ಕೂಲು ಮೆಟ್ಟಿಲು ಹತ್ತಿದನೆಂಬ ಸಂತೋಷಕ್ಕೆ ಅವರು ನನಗೊಂದು ಇಂಕು ಪೆನ್ನು ಕೊಡಿಸಿದ್ದರು. ಹಸುರು ಬಣ್ಣದ ಕೊಳವೆ, ಹೊಳೆಯುವ ಮುಚ್ಚಳ. ಕೊಳವೆಯ ಮೇಲೆ ಜಾತ್ರೆಯಲ್ಲಿ ಕೊರೆಸಿದ ನನ್ನ ಹೆಸರು. ಅಂದಿನ ಕಾಲದಲ್ಲಿ ಅಂಥ ಪೆನ್ನು ಅಂಗಿಯ ಜೇಬಿನಲ್ಲಿದ್ದರೆ ಹುಡುಗನ ನಡಿಗೆಯೇ ಬೇರೆಯಾಗುತ್ತಿತ್ತು. ಒಂದು ದಿನ ಮಧ್ಯಾಹ್ನ ಆಟದ ಪೀರಿಯಡ್ಡು ಮುಗಿಸಿ ಬಂದು ಜೇಬು ಮುಟ್ಟಿಕೊಂಡರೆ ಪೆನ್ನಿಲ್ಲ. ನಾನು ಅಳುತ್ತ ತರಗತಿಯ ಉಪಾಧ್ಯಾಯರ ಮುಂದೆ ಹೋಗಿ ನಿಂತೆ. ಅವರು ಕೆಟ್ಟವರಲ್ಲ. ನನಗೆ ಹಳಗನ್ನಡದ ರುಚಿ ಹತ್ತಿಸಿದವರೇ ಅವರು. ಮುಂದೆ ನಾನು ಕನ್ನಡ ಎಂ.ಎ. ಮಾಡಿದುದರಲ್ಲಿ ಅವರ ಪಾಲು ದೊಡ್ಡದು. ಅವರು ಕೇಳಿದುದು ಒಂದೇ ಪ್ರಶ್ನೆ: "ಯಾರ ಮೇಲೋ ಅನುಮಾನ?"

ನಾನು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಕೊನೆಯ ಬೆಂಚಿನ ಕಡೆ ತಿರುಗಿ ನೋಡಿದೆ, ಅಷ್ಟೆ. ಅಲ್ಲಿ ಉಚಿತ ವಿದ್ಯಾರ್ಥಿನಿಲಯದ ಒಬ್ಬ ಹುಡುಗ ಕುಳಿತಿದ್ದ. ಅವನಿಗೆ ಸ್ವಂತ ಪೆನ್ನಿರಲಿಲ್ಲ. ಪಕ್ಕದವನು ಬರೆದು ಮುಗಿಸುವವರೆಗೆ ಕಾದಿದ್ದು, ಅವನ ಪೆನ್ನನ್ನು ಇಸಿದುಕೊಂಡು ಬರೆಯುತ್ತಿದ್ದ. ನನ್ನ ನೋಟಕ್ಕೆ ಅದಕ್ಕಿಂತ ಹೆಚ್ಚಿನ ಆಧಾರ ಯಾವುದೂ ಇರಲಿಲ್ಲ.

ಅವನ ಬಟ್ಟೆಯ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಎರಡು ನೋಟುಪುಸ್ತಕ, ಒಡೆದ ಕನ್ನಡಿಯ ಒಂದು ಚೂರು, ಸೀಮೆಸುಣ್ಣದ ಮೂರು ತುಂಡು. ಪೆನ್ನಿರಲಿಲ್ಲ. ಸೀಮೆಸುಣ್ಣ ಎಲ್ಲಿಂದ ಬಂತು ಎಂದು ಕೇಳಿದರು. "ಹಾಸ್ಟ್ಲು ನೆಲದ್ ಮೇಲೆ ಲೆಕ್ಕ ಮಾಡಕ್ಕೆ ಸಾ" ಎಂದ. ನೋಟುಪುಸ್ತಕದ ಹಾಳೆ ಮುಗಿದುಹೋಗಬಾರದೆಂದು ಅವನು ಮೊದಲು ನೆಲದ ಮೇಲೆ ಲೆಕ್ಕ ಬಿಡಿಸುತ್ತಿದ್ದನಂತೆ. ತರಗತಿ ನಕ್ಕಿತು. ಸೀಮೆಸುಣ್ಣ ಕದ್ದವನು ಪೆನ್ನನ್ನು ಬಿಟ್ಟಾನೆಯೇ ಎಂಬ ಮಾತು ಬಂತು. ಆ ಮಾತಿನೊಂದಿಗೆ ವಿಚಾರಣೆ ಅರ್ಧ ಮುಗಿದಂತಾಯಿತು.

ಉಳಿದ ಅರ್ಧ ಮರುದಿನ ನಡೆಯಿತು. ಡ್ರಿಲ್ ಮಾಸ್ತರರು ಕಾಗದದ ಪೊಟ್ಟಣದಲ್ಲಿ ಮಂತ್ರಿಸಿದ ಅಕ್ಕಿಯನ್ನು ತಂದರು. ನಮ್ಮ ಹಳ್ಳಿಗಳಲ್ಲಿ ಕಳವಾದಾಗ ಈ ಪರೀಕ್ಷೆಯನ್ನು ಮಾಡುತ್ತಿದ್ದುದು ಹಿರಿಯರಿಗೆ ಗೊತ್ತು. ಎಲ್ಲರೂ ಒಂದು ಚಿಟಿಕೆ ಅಕ್ಕಿಯನ್ನು ಅಗಿದು ಉಗುಳಬೇಕು. ಯಾರ ಅಕ್ಕಿ ಒಣಗಿದ ಹಿಟ್ಟಾಗಿ ಬರುತ್ತದೆಯೋ ಅವನೇ ಕಳ್ಳ. ಅಂಜಿದವನ ಬಾಯಲ್ಲಿ ಜೊಲ್ಲು ಬತ್ತುತ್ತದೆ ಎಂಬುದು ನಿಜ, ವೈದ್ಯರೂ ಅದನ್ನು ಒಪ್ಪುತ್ತಾರೆ. ಆದರೆ ಅಂಜಿಕೆ ಕಳ್ಳನಿಗೆ ಮಾತ್ರ ಬರುತ್ತದೆಂದು ಯಾವ ವೈದ್ಯರೂ ಹೇಳಿಲ್ಲ. ನಾವು ನಲವತ್ತು ಮಂದಿ ಹುಡುಗರು ಸಾಲಾಗಿ ನಿಂತು ಅಗಿದೆವು. ಕೊನೆಯ ಬೆಂಚಿನ ಹುಡುಗ ಉಗುಳಿದ ಅಕ್ಕಿ ಒದ್ದೆಯಾಗಿತ್ತು. ಒಣ ಹಿಟ್ಟು ಬಂದುದು ನನ್ನ ಬಾಯಿಂದ.

ಮಾಸ್ತರರು ನಕ್ಕುಬಿಟ್ಟರು. "ಪಾಪ, ಕಳಕೊಂಡ ಸಂಕಟಕ್ಕೆ ಇವನ ಬಾಯಿ ಒಣಗಿದೆ" ಎಂದರು. ಹಾಗಾದರೆ ಆ ಹುಡುಗನ ಅಕ್ಕಿ ಒದ್ದೆಯಾಗಿತ್ತಲ್ಲ ಎಂದು ಯಾರೋ ಕೇಳಿದಾಗ, ಅವನು ಪಳಗಿದವನು, ಹೆದರಿಕೆ ಎಲ್ಲಿಂದ ಬರಬೇಕು ಎಂದರು. ಅವನಿಗೆ ಬೆತ್ತದ ಏಟು ಬಿತ್ತು. ಎಷ್ಟು ಎಂದು ನಾನು ಎಣಿಸಲಿಲ್ಲ.

ನನ್ನ ಬಾಯಿ ಏಕೆ ಒಣಗಿತ್ತು ಎಂಬುದನ್ನು ಈಗ ಹೇಳಬೇಕು. ಹಿಂದಿನ ರಾತ್ರಿ ಮಲಗಿದಾಗ ನನಗೊಂದು ಸಂಗತಿ ನೆನಪಾಗಿತ್ತು. ಆ ದಿನ ಬೆಳಿಗ್ಗೆ ಶಾಲೆಗೆ ಬರುವಾಗ ನಾನು ಕೆರೆಯ ಏರಿಯ ಮೇಲೆ ನಿಂತು, ತೂಬಿನ ಕಟ್ಟೆಯಿಂದ ಬಗ್ಗಿ ಮೀನು ನೋಡಿದ್ದೆ. ಮೊದಲನೆಯ ಪೀರಿಯಡ್ಡಿನಲ್ಲಿ ಪದ್ಯ ಒಪ್ಪಿಸಿದೆವು, ಎರಡನೆಯದರಲ್ಲಿ ಸೀಸದಕಡ್ಡಿಯಿಂದ ಚಿತ್ರ ಬರೆದೆವು. ಆ ದಿನ ಶಾಲೆಯಲ್ಲಿ ಪೆನ್ನನ್ನು ಮುಟ್ಟಿದ ನೆನಪು ಎಷ್ಟು ತಡಕಿದರೂ ನನಗೆ ಸಿಗಲಿಲ್ಲ. ಪೆನ್ನು ಕೆರೆಗೆ ಬಿದ್ದಿತ್ತೇ? ಬಿದ್ದಿರಬಹುದು. ಬೀಳದೆಯೂ ಇರಬಹುದು. ಆದರೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಪೆನ್ನನ್ನು ಯಾರೋ ಕದ್ದರೆಂದರೆ ತಂದೆಯವರು ತಲೆ ಸವರುತ್ತಿದ್ದರು. ನಾನೇ ಕಳೆದೆನೆಂದರೆ ಏಟು ಬೀಳುತ್ತಿತ್ತು. ಹದಿಮೂರು ವರ್ಷದ ಹುಡುಗನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಸರೆಯ ರಜೆಗೆ ಹೋದ ಆ ಹುಡುಗ ಹಿಂದಿರುಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಮಸಿಯ ಗೆರೆ ಬಿತ್ತು. ಪೆನ್ನೂ ಸಿಗಲಿಲ್ಲ. ಕಥೆಯಾಗಿದ್ದರೆ ಅದು ಎಂದಾದರೊಂದು ದಿನ ಕೆರೆ ಬತ್ತಿದಾಗಲೋ ಹಳೆಯ ಕೋಟಿನ ಒಳಜೇಬಿನಲ್ಲೋ ಸಿಗಬೇಕಾಗಿತ್ತು. ಹಾಗೇನೂ ಆಗಲಿಲ್ಲ. ಅವನೇ ತೆಗೆದುಕೊಂಡಿದ್ದನೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ಹಾಗೆ ತಿಳಿಯದಿರುವುದೇ ಒಳ್ಳೆಯದೆಂದು ಎಷ್ಟೋ ಸಲ ಅನ್ನಿಸಿದೆ. ಅವನು ನಿರ್ದೋಷಿಯೆಂದು ಗೊತ್ತಾಗಿದ್ದರೆ ನಾನು ಅವನು ನಿರ್ದೋಷಿಯಾಗಿದ್ದನೆಂದು ಮಾತ್ರ ಮರುಗುತ್ತಿದ್ದೆ. ಅವನು ಕದ್ದಿದ್ದರೂ ಅಂದು ನಡೆದುದು ತಪ್ಪೇ ಎಂಬುದನ್ನು ಯೋಚಿಸುತ್ತಿರಲಿಲ್ಲ. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಹೇಳುವುದಿಲ್ಲ, ಒಮ್ಮೆ ಅವನನ್ನು ತೋರಿಸಿಕೊಟ್ಟದ್ದೇ ಸಾಕು.

ಮುಂದೆ ನಾನು ಅಧ್ಯಾಪಕನಾದೆ. ಬಹಳ ವರ್ಷ ಕೆಲಸ ಮಾಡಿದುದು ಪ್ರೌಢಶಾಲೆಯೂ ಒಂದೇ ಆವರಣದಲ್ಲಿದ್ದ ಸಂಯುಕ್ತ ಪದವಿಪೂರ್ವ ಕಾಲೇಜುಗಳಲ್ಲಿ. ಕಾಣೆಯಾದ ವಸ್ತುಗಳ ವಿಚಾರಣೆಗೆ ನನ್ನನ್ನೂ ಆಗಾಗ ಕೂರಿಸುತ್ತಿದ್ದರು. ಅಲ್ಲಿ ನಾನು ಕಂಡುಕೊಂಡ ಮೊದಲ ಸಂಗತಿಯೆಂದರೆ, ಮಕ್ಕಳ ವಸ್ತುಗಳಲ್ಲಿ ಬಹುಪಾಲು ಕಳವಾಗುವುದೇ ಇಲ್ಲ. ಅವು ಸಂಚಾರ ಹೊರಡುತ್ತವೆ. ಪ್ರಾಥಮಿಕ ಶಾಲೆಯಲ್ಲಿ ಒಂದು ಕೋಣೆ, ಒಬ್ಬ ಮೇಡಂ. ಪ್ರೌಢಶಾಲೆಯಲ್ಲಿ ವಿಷಯಕ್ಕೊಬ್ಬರು ಅಧ್ಯಾಪಕರು, ಪ್ರಯೋಗಾಲಯ, ಕಂಪ್ಯೂಟರ್ ಕೋಣೆ, ಆಟದ ಮೈದಾನ. ಮಗು ದಿನಕ್ಕೆ ನಾಲ್ಕಾರು ಸಲ ಗಂಟು ಕಟ್ಟಬೇಕು, ಬಿಚ್ಚಬೇಕು. ಒಂದು ಕೈವಾರ ಬೆಂಚಿನಿಂದ ಬೆಂಚಿಗೆ ಹೋಗುತ್ತ ಗಣಿತದ ಪೀರಿಯಡ್ಡು ಮುಗಿಯುವಾಗ ಯಾರ ಕೈಯಲ್ಲಿರುತ್ತದೆಯೋ ಅವರ ಚೀಲ ಸೇರುತ್ತದೆ. ಆ ವಯಸ್ಸಿನ ಗೆಳೆತನದಲ್ಲಿ ಕೊಡುವುದಕ್ಕೂ ಎರವಲಿಗೂ ನಡುವೆ ಗೆರೆ ಇರುವುದಿಲ್ಲ.

ಇದರ ಮೇಲೆ ಎಲ್ಲ ವಸ್ತುಗಳೂ ಒಂದೇ ರೂಪದವು. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತು. ಆ ವರ್ಷಗಳಲ್ಲಿ ಹಳ್ಳಿಯ ಕಡೆಯ ಪ್ರೌಢಶಾಲೆಗಳ ಅಂಗಳವನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು: ಒಂದೇ ಬಣ್ಣ, ಒಂದೇ ಎತ್ತರದ ಸೈಕಲ್ಲುಗಳ ಸಾಲು. ಮೊದಲ ವಾರವೇ ತಕರಾರು ಶುರುವಾಯಿತು. ಮಕ್ಕಳೇ ಉಪಾಯ ಹುಡುಕಿಕೊಂಡರು. ಒಬ್ಬಳು ಹ್ಯಾಂಡಲ್ಲಿಗೆ ಹಳದಿ ಟೇಪು ಸುತ್ತಿದಳು, ಒಬ್ಬ ಡಿವೈಡರಿನ ಮೊನೆಯಿಂದ ಚೌಕಟ್ಟಿನ ಮೇಲೆ ಹೆಸರು ಕೊರೆದ, ಇನ್ನೊಬ್ಬ ಸೀಟಿಗೆ ತಾಯಿಯ ಹಳೆಯ ಸೀರೆಯ ಅಂಚಿನಿಂದ ಗವಸು ಹೊಲಿಸಿದ. ಬೆಲ್ಲಿನ ಮುಚ್ಚಳಗಳು ಮಾತ್ರ ಯಾವ ಉಪಾಯಕ್ಕೂ ನಿಲ್ಲದೆ ಮಾಯವಾಗುತ್ತಲೇ ಇದ್ದವು. ಅವುಗಳಲ್ಲಿ ಮಕ್ಕಳು ಬುಗುರಿಯಂತೆ ತಿರುಗಿಸುವ ಆಟ ಆಡುತ್ತಿದ್ದರೆಂಬುದು ಆಮೇಲೆ ತಿಳಿಯಿತು.

ನಿಜವಾದ ಕಳವೂ ಇರುತ್ತದೆ. ಇಲ್ಲವೆಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಆದರೆ ಅದು ನಾವು ಮೊದಲು ನೋಡುವ ಬೆಂಚಿನಲ್ಲಿಯೇ ಇರುತ್ತದೆಂಬ ಖಾತರಿ ಇಲ್ಲ. ನಮ್ಮಲ್ಲಿ ಒಮ್ಮೆ ಕೈಗಡಿಯಾರ ತೆಗೆದಿದ್ದವನು ಊರಿನ ದೊಡ್ಡ ಅಂಗಡಿಯವರ ಮಗ. ಮನೆಯಲ್ಲಿ ಅವನಿಗೆ ಬೇಕಾದಷ್ಟು ಗಡಿಯಾರಗಳಿದ್ದವು. ಪಂತ ಕಟ್ಟಿ ತೆಗೆಯುವವರುಂಟು, ಸಿಟ್ಟಿಗೆ ತೆಗೆಯುವವರುಂಟು. ಇವೆಲ್ಲಕ್ಕಿಂತ ಹೆಚ್ಚಾಗಿ ತಂದೆತಾಯಿಗಳು ಗಮನಿಸಬೇಕಾದ ಇನ್ನೊಂದು ಬಗೆಯಿದೆ. ಒಂದೇ ಮಗುವಿನ ವಸ್ತುಗಳು ಮೇಲಿಂದ ಮೇಲೆ ಕಾಣೆಯಾಗುತ್ತಿದ್ದರೆ, ಯಾರೋ ಆ ಮಗುವನ್ನು ಗೋಳಾಡಿಸಲು ಅವನ್ನು ಅಡಗಿಸುತ್ತಿರಬಹುದು, ಅಥವಾ ಹೆದರಿಸಿ ಕಿತ್ತುಕೊಳ್ಳುತ್ತಿರಬಹುದು. ಗೆಳೆಯರಿಲ್ಲದ ಮಗು ಗೆಳೆತನಕ್ಕಾಗಿ ತಾನೇ ಕೊಟ್ಟು, ಮನೆಯಲ್ಲಿ ಕಳೆದುಹೋಯಿತೆಂದು ಹೇಳುವುದೂ ಉಂಟು. ಇವುಗಳಲ್ಲಿ ಯಾವುದೂ "ಯಾರ ಮೇಲೆ ಅನುಮಾನ?" ಎಂಬ ಪ್ರಶ್ನೆಗೆ ಉತ್ತರವಾಗಿ ಹೊರಗೆ ಬರುವುದಿಲ್ಲ. ಆ ಪ್ರಶ್ನೆಗೆ ಮಗು ಒಂದು ಹೆಸರನ್ನೇ ಕೊಡಬೇಕು. ಕೊಡಲೇಬೇಕಾದಾಗ ತನಗೆ ಯಾವ ಅಪಾಯವೂ ಇಲ್ಲದ ಹೆಸರನ್ನು ಕೊಡುತ್ತದೆ.

ಇಂಥ ಪ್ರಸಂಗಗಳಲ್ಲಿ ಗಾಂಧೀಜಿಯವರ ಬಾಲ್ಯದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಹಳಗನ್ನಡದ ಮೇಷ್ಟರಾದ ನನಗೆ ನೆನಪಾಗುವುದು ವಡ್ಡಾರಾಧನೆ. ಹತ್ತೊಂಬತ್ತು ಕಥೆಗಳ ಆ ಪ್ರಾಚೀನ ಗದ್ಯಗ್ರಂಥದಲ್ಲಿ ವಿದ್ಯುಚ್ಚೋರನ ಕಥೆಯಿದೆ. ಅರಸನ ಹಾರ ಕಳುವಾಗುತ್ತದೆ. ಕದ್ದ ವಿದ್ಯುಚ್ಚೋರನೂ, ಹಿಡಿಯಬೇಕಾದ ತಳಾರ ಯಮದಂಡನೂ ಬಾಲ್ಯದ ಒಡನಾಡಿಗಳು, ಒಟ್ಟಿಗೆ ಓದಿದವರು. ಹಿಡಿದು ತಂದು ಬಗೆಬಗೆಯಾಗಿ ದಂಡಿಸಿದರೂ ಕಳ್ಳ ತಾನೇ ಕಳ್ಳನೆಂದು ಒಪ್ಪುವುದಿಲ್ಲ. ಅರಸ ಅಭಯವನ್ನು ಕೊಟ್ಟು ಕೇಳಿದ ಮೇಲೆ ಒಪ್ಪಿಕೊಳ್ಳುತ್ತಾನೆ. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ವ್ಯಾಕರಣವನ್ನು ಬಿಡಿಸಿ ಹೇಳಿದ್ದೇನೆ. ಅಭಯ ಎಂಬ ಮಾತಿನ ಹತ್ತಿರ ಬಂದಾಗಲೆಲ್ಲ ಸ್ವಲ್ಪ ಅವಸರದಿಂದ ಮುಂದೆ ಹೋಗುತ್ತಿದ್ದೆ.

ಕಾನೂನು ಈಗ ನಮ್ಮ ಕಾಲದ ಶಾಲೆಗಳಿಗಿಂತ ಮುಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಮಗುವನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆ ಹದಿನೆಂಟು ವರ್ಷದೊಳಗಿನ ಯಾವ ಮಗುವಿನಲ್ಲಿಯೂ ದುರುದ್ದೇಶವಿಲ್ಲವೆಂದೇ ಭಾವಿಸಿ ಮುಂದುವರಿಯಬೇಕೆಂಬುದನ್ನು ತನ್ನ ಮೂಲತತ್ತ್ವಗಳಲ್ಲಿ ಒಂದಾಗಿ ಇಟ್ಟುಕೊಂಡಿದೆ. ಆದರೂ ತರಗತಿಯಲ್ಲಿ ಹಣ ಕಾಣೆಯಾಯಿತೆಂದು ಮಕ್ಕಳನ್ನು ಶೋಧಿಸಿದುದೂ, ಅವಮಾನ ತಾಳಲಾರದೆ ಒಂದು ಮಗು ಪ್ರಾಣ ಕಳೆದುಕೊಂಡುದೂ 2024ರಲ್ಲಿ ನಮ್ಮ ರಾಜ್ಯದಲ್ಲಿಯೇ ಸುದ್ದಿಯಾಯಿತು. ಆ ದಿನದ ಪತ್ರಿಕೆಯನ್ನು ನಾನು ಮಡಿಸಿಟ್ಟುಬಿಟ್ಟೆ.

ಇನ್ನು ನಾನು ಕಣ್ಣಾರೆ ಕಂಡ ಒಂದು ಬೇರೆ ರೀತಿಯ ವಿಚಾರಣೆಯನ್ನು ಹೇಳುತ್ತೇನೆ. ನಾನಿದ್ದ ಒಂದು ಕಾಲೇಜಿನ ಪ್ರೌಢಶಾಲಾ ವಿಭಾಗಕ್ಕೆ ಉಪಪ್ರಾಂಶುಪಾಲರಾಗಿ ಬಂದ ಒಬ್ಬ ಮಹಿಳೆ ಮೆಟ್ಟಿಲಿನ ಕೆಳಗೆ, ಯಾರ ಕೋಣೆಯಿಂದಲೂ ಕಾಣದ ಮೂಲೆಯಲ್ಲಿ, ಬೀಗವಿಲ್ಲದ ಒಂದು ಹಳೆಯ ಬೀರುವನ್ನು ಇಡಿಸಿದರು. ಕ್ಯಾಮರಾ ಬಂದ ಮೇಲೆ ಆ ಮೂಲೆಗೂ ಒಂದನ್ನು ಹಾಕಬೇಕೆಂದು ಆಡಳಿತದವರು ಹೇಳಿದಾಗ ಅವರು ಒಪ್ಪಲಿಲ್ಲ. ಸಿಕ್ಕಿದ ವಸ್ತುವನ್ನು ಯಾರು ಬೇಕಾದರೂ ಅಲ್ಲಿಡಬಹುದು. ಇಟ್ಟವರು ಯಾರೆಂದು ಯಾರೂ ಕೇಳಕೂಡದು. ಏನಾದರೂ ಕಾಣೆಯಾದರೆ ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವರು ಹೇಳುತ್ತಿದ್ದ ಮಾತು ಯಾವಾಗಲೂ ಒಂದೇ: "ಇಂಥ ವಸ್ತು ಯಾರ ಚೀಲಕ್ಕಾದರೂ ಸೇರಿಹೋಗಿರಬಹುದು. ಮನೆಯಲ್ಲಿ ನೋಡಿಕೊಂಡು ಬನ್ನಿ." ನಾನು ಕನ್ನಡದ ಮೇಷ್ಟರಾದುದರಿಂದ ಆ ಕ್ರಿಯಾಪದವನ್ನು ಗಮನಿಸಿದೆ. 'ಕದ್ದಿದ್ದಾರೆ' ಎಂದರೆ ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. 'ಸೇರಿಹೋಗಿದೆ' ಎಂದರೆ ಪೆನ್ನು ತಾನಾಗಿಯೇ ನಡೆದುಕೊಂಡು ಹೋದಂತೆ. ಹೋದ ದಾರಿಯಲ್ಲಿಯೇ ಅದು ಹಿಂದಿರುಗಿ ಬರಬಹುದು.

ಬಹಳಷ್ಟು ಬಂದವು. ಎಲ್ಲವೂ ಬರಲಿಲ್ಲ. ಪರೀಕ್ಷಾ ಶುಲ್ಕದ ಹಣವಂತೂ ಒಮ್ಮೆಯೂ ಬರಲಿಲ್ಲ. ಆದುದರಿಂದ ಅವರು ಹಣವನ್ನು ಪ್ರಾರ್ಥನೆಗೆ ಮುಂಚೆಯೇ ಕಚೇರಿಯಲ್ಲಿ ಕಟ್ಟಿಸಿಕೊಳ್ಳುವ ಪದ್ಧತಿಯನ್ನು ತಂದರು. ಕಳೆದುಕೊಂಡ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸಂಗತಿಗಳನ್ನು ಬರೆಸುತ್ತಿದ್ದರು: ಕೊನೆಯ ಸಲ ನೋಡಿದುದು ಎಲ್ಲಿ, ಆಮೇಲೆ ಎಲ್ಲೆಲ್ಲಿಗೆ ಹೋಗಿದ್ದೆ, ಇಲ್ಲವೆಂದು ತಿಳಿದುದು ಯಾವಾಗ. ಹೆಸರು ಹೇಳಲು ಹೊರಟ ಮಗುವನ್ನು ಅಲ್ಲಿಯೇ ತಡೆಯುತ್ತಿದ್ದರು. ಬರೆಯುತ್ತ ಬರೆಯುತ್ತ ಅರ್ಧದಷ್ಟು ಮಕ್ಕಳಿಗೆ ವಸ್ತು ಎಲ್ಲಿದೆಯೆಂಬುದು ತಾನಾಗಿ ನೆನಪಾಗುತ್ತಿತ್ತು. ಕಚೇರಿಯ ಮೇಜಿನ ಖಾನೆಯಲ್ಲಿ ತಮ್ಮ ಹಣದಿಂದ ಕೊಂಡ ನಾಲ್ಕೈದು ಕಂಪಾಸ್ ಪೆಟ್ಟಿಗೆಗಳನ್ನೂ ಒಂದು ಹಿಡಿ ಪೆನ್ನುಗಳನ್ನೂ ಇಟ್ಟಿದ್ದರು. ಇಲ್ಲದವರು ಹೋಗಿ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಅಲ್ಲಿಯೇ ಇಡಬಹುದು. ಅವರಿಗೆ ಬೇರೆ ಊರಿಗೆ ವರ್ಗವಾದ ಮೇಲೆ ಬೀರು ಉಗ್ರಾಣ ಸೇರಿತು. ನಾನೂ ಅದನ್ನು ತಡೆಯಲಿಲ್ಲ, ತಡೆಯಬಹುದಾಗಿತ್ತು.

ಆ ರಾತ್ರಿ ಊಟ ಮುಗಿದ ಮೇಲೆ ನಾನು ಮಗನನ್ನೂ ಸೊಸೆಯನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಹಸುರು ಪೆನ್ನಿನ ಸಂಗತಿಯನ್ನು ಹೇಳಿದೆ. ಐವತ್ತು ವರ್ಷಗಳಿಗೂ ಮೇಲ್ಪಟ್ಟು ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ, ಈಗ ಅವಳಿಲ್ಲ. ಮೊಮ್ಮಗಳು ಕೇಳಿದುದು, "ಆ ಹುಡುಗ ಆಮೇಲೆ ಎಲ್ಲಿ ಓದಿದ ತಾತ?" ಎಂದು. ನನ್ನ ಹತ್ತಿರ ಉತ್ತರವಿರಲಿಲ್ಲ. ಮಗ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಎದ್ದು ಹೋಗುವಾಗ ಮಗಳ ತಲೆಯ ಮೇಲೆ ಕೈಯಿಟ್ಟು, "ಕಳೆದ್ರೆ ಕಳೀತು ಅಂತ ಹೇಳು, ಬೈಯಲ್ಲ" ಎಂದ. ಆಗ ಅವಳಿಂದ ಇನ್ನೊಂದು ಮಾತು ಹೊರಬಿತ್ತು. ನೀರಿನ ಬಾಟಲು ಶಾಲೆಯಲ್ಲಿ ಹೋಗಿರಲಿಲ್ಲ, ಬಸ್ಸಿನಲ್ಲಿ ಬಿಟ್ಟುಬಂದಿದ್ದಳು. ಅಂಗಡಿಯ ಹತ್ತಿರ ಇಳಿದು ಏನನ್ನೋ ತಿನ್ನುವ ಆತುರದಲ್ಲಿ ಮರೆತಿದ್ದಳಂತೆ. ಬೈಗುಳಕ್ಕೆ ಹೆದರಿ ಶಾಲೆಯ ಮೇಲೆ ಹಾಕಿದ್ದಳು.

ಮಗ ಶಾಲೆಗೆ ಹೋದುದು ನಿಜ. ಹೋಗಿ, ಸಿಕ್ಕಿದ ವಸ್ತುಗಳನ್ನು ಇಡಲು ಒಂದು ಸ್ಥಳ ಮಾಡಬಹುದೇ ಎಂದು ಕೇಳಿ ಬಂದ. ನೋಡೋಣ ಎಂದರಂತೆ. ವಾರವೊಂದು ಕಳೆದ ಮೇಲೆ ಸ್ವೆಟರು ಹಿಂದಿರುಗಿ ಬಂತು. ಇನ್ನೊಂದು ವಿಭಾಗದ ಮಗುವೊಂದು ಮಳೆಯ ದಿನ ತನ್ನದೆಂದೇ ಹಾಕಿಕೊಂಡು ಹೋಗಿತ್ತು. ಆ ತಾಯಿ ಅದನ್ನು ಒಗೆದು, ಬಿದ್ದುಹೋಗಿದ್ದ ಒಂದು ಗುಂಡಿಯನ್ನು ಹೊಲಿದು ಕಳುಹಿಸಿದ್ದರು. ಗುಂಡಿಯ ಬಣ್ಣ ಸ್ವಲ್ಪ ಬೇರೆ.

ಕಂಪಾಸ್ ಬಾಕ್ಸ್ ಈವರೆಗೆ ಸಿಕ್ಕಿಲ್ಲ. ಹೊಸದನ್ನು ತಂದ ದಿನ ಮುಚ್ಚಳದ ಒಳಭಾಗದಲ್ಲಿ ಹೆಸರು ಬರೆದುಕೊಡಿ ಎಂದು ಮೊಮ್ಮಗಳು ನನ್ನ ಹತ್ತಿರ ತಂದಳು. ನನ್ನ ಕೈ ಈಗ ನಡುಗುತ್ತದೆ. ಪೆನ್ನನ್ನು ಅವಳಿಗೇ ಕೊಟ್ಟೆ, ಅವಳೇ ಬರೆದುಕೊಂಡಳು.